ರೇಣುಳ ತಲೆಯ ಸಿಕ್ಕು

ಉಗರಗೋಳದ ಕೃಷ್ಣವ್ವನಿಗೆ ಹೆಣ್ಣು ಹುಟ್ಟಿದಾಗ ಸೂಲಗಿತ್ತಿ ಕೂಸಿನ ತಲೆ ಸವರಿ, "ಏನ ಕೂದಲಾ ಯವ್ವಾ! ಈಗಿಂದೀಗ ಹೆರಳ ಹಾಕಬಹುದು ನೋಡು" ಎಂದು ನಕ್ಕಿದ್ದಳು. ಕೃಷ್ಣವ್ವ ನಗಲಿಲ್ಲ. ಕೂಸನ್ನು ಹತ್ತಿರ ಎಳೆದುಕೊಂಡು, ಗುಂಗುರು ಗುಂಗುರಾಗಿ ನೆತ್ತಿಗೆ ಅಂಟಿದ್ದ ಆ ಕರಿ ಕೂದಲೊಳಗೆ ಬೆರಳಾಡಿಸಿ, ಎಲ್ಲಾದರೂ ಗಂಟಿದೆಯೇ ಎಂದು ನೋಡಿದಳು.

ಅವಳಿಗೆ ಕೂದಲ ಭಯ ಅವ್ವನಿಂದ ಬಂದದ್ದು. ಅವ್ವ ತಂಗೆವ್ವ ಇನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗ ನೆತ್ತಿಯ ಹಿಂದೆ ಕೂದಲು ಸಿಕ್ಕಾಗಿ ಅಂಟಿಕೊಂಡಿತ್ತು. ಮನೆಯಲ್ಲಿ ಎಣ್ಣೆ ಇರಲಿಲ್ಲ, ಬಾಚುವವರಿಗೆ ಪುರಸೊತ್ತಿರಲಿಲ್ಲ. ಆದರೆ ಹಿರಿಯರು ಕಂಡದ್ದು ಬೇರೆ. ತಲೆಯಲ್ಲಿ ಜಡಿ ಬಿದ್ದಿದೆ, ಇದು ದೇವರ ಜಟೆ, ಎಲ್ಲವ್ವ ಬಂದು ಕೂತಿದ್ದಾಳೆ, ಇದಕ್ಕೆ ಇನ್ನು ಹಣಿಗೆ ಮುಟ್ಟಿಸುವಂತಿಲ್ಲ ಎಂದರು. ಅವಳ ಗುಡಿಯಿರುವ ಗುಡ್ಡಕ್ಕೆ ಕರೆದೊಯ್ದು ಕೊರಳಿಗೆ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಆಮೇಲೆ ತಂಗೆವ್ವನಿಗೆ ಮದುವೆಯೆಂಬುದು ಇಲ್ಲವಾಯಿತು. ಬೇಡಿದ್ದು, ಯಾರೋ ಬಂದು ಕೊಟ್ಟು ಹೋದದ್ದು, ಅದರಲ್ಲೇ ಬದುಕು. ಕೃಷ್ಣವ್ವನ ಸಾಲಿಯ ದಾಖಲೆಯಲ್ಲಿ ಅಪ್ಪನ ಹೆಸರಿರಬೇಕಾದ ಜಾಗ ಖಾಲಿಯೇ ಇತ್ತು.

ಮಂಗಳವಾರ, ಶುಕ್ರವಾರ ಜನ ಬಂದು ತಂಗೆವ್ವನ ಕಾಲಿಗೆ ಬೀಳುತ್ತಿದ್ದರು. ಉಳಿದ ದಿನ ಅದೇ ಜನ ಅವಳನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಿದ್ದರು. ಜಟೆ ಬೆಳೆದು ಹಗ್ಗದಷ್ಟು ದಪ್ಪವಾಗಿ ಬೆನ್ನಿನ ಮೇಲೆ ತೂಗುತ್ತಿತ್ತು. ಅದರ ಭಾರಕ್ಕೆ ಕುತ್ತಿಗೆ ಒಂದು ಕಡೆ ವಾಲಿತ್ತು. ಬುಡದಲ್ಲಿ ಹೇನು ಕಡಿದು ಹುಣ್ಣಾಗಿ, ಬೇಸಿಗೆಯಲ್ಲಿ ಕೀವು ಒಸರುತ್ತಿತ್ತು. ಆದರೂ ತಂಗೆವ್ವ ಮಗಳನ್ನು ಮಾತ್ರ ಗುಡ್ಡದ ಕಡೆ ಕಳಿಸಲಿಲ್ಲ. "ದಿನಾ ತಲಿ ಬಾಚಕೋ ಕೃಷ್ಣಾ. ಜ್ವರಾ ಬಂದ್ರೂ ಬಾಚಕೋ, ಹಸದ್ರೂ ಬಾಚಕೋ. ಒಂದ ದಿನಾನೂ ಬಿಡಬ್ಯಾಡ" ಎಂದು ಒಂದೇ ಮಾತನ್ನು ಹೇಳಿ ಹೇಳಿ ಬೆಳೆಸಿದಳು. ನೀಲಪ್ಪ ಎಂಬ ಹುಡುಗ, ಅಪ್ಪ ಯಾರೆಂದು ಕೇಳದೆ ಮದುವೆಯಾಗಲು ಒಪ್ಪಿದಾಗ, ತಂಗೆವ್ವ ಅವನ ಕೈ ಹಿಡಿದು ಬಹಳ ಹೊತ್ತು ಅತ್ತಳು. ತೊಂಬತ್ತನೆಯ ಇಸವಿಯ ಆಚೀಚೆ ಅವಳು ತೀರಿಕೊಂಡಳು. ಹೆಣಕ್ಕೆ ನೀರು ಹಾಕುವಾಗಲೂ ಆ ಜಟೆಯನ್ನು ಬಿಡಿಸುವ ಧೈರ್ಯ ಯಾರಿಗೂ ಆಗಲಿಲ್ಲ. ಅದನ್ನು ಮಣ್ಣಿಗೇ ಕೊಟ್ಟರು.

ನೀಲಪ್ಪ ಸವದತ್ತಿ ಬಸ್‌ಸ್ಟ್ಯಾಂಡಿನಿಂದ ಗುಡ್ಡಕ್ಕೆ ಜನರನ್ನು ಒಯ್ಯುವ ಟ್ರ್ಯಾಕ್ಸ್ ಓಡಿಸುತ್ತಿದ್ದ. ಕೃಷ್ಣವ್ವ ಮಲಕಾಜಪ್ಪನ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೆಳಿಗ್ಗೆ ಒಲೆಯ ಮುಂದೆ ಕೂತರೆ ಮಧ್ಯಾಹ್ನದವರೆಗೆ ಎದ್ದೇಳುವಂತಿರಲಿಲ್ಲ. ಆದರೂ ಮಗಳು ರೇಣುಳ ತಲೆ ಬಾಚದೆ ಅವಳು ಎಂದೂ ಮನೆ ಬಿಟ್ಟವಳಲ್ಲ. ಕೊಬ್ಬರಿ ಎಣ್ಣೆ ತಿಕ್ಕಿ, ಬೈತಲೆ ತೆಗೆದು, ಎರಡು ಹೆರಳು ಹಾಕಿ, ರಿಬ್ಬನ್ ಬಿಗಿದು ಸಾಲಿಗೆ ಕಳಿಸಿದ ಮೇಲೆಯೇ ಅವಳಿಗೆ ಉಸಿರು.

"ಯವ್ವಾ, ನೋಯ್ತೈತಿ! ಮಲಕಾಜಪ್ಪನ ಖಾನಾವಳ್ಯಾಗ ಹಿಟ್ಟ ನಾದಿದಂಗ ನಾದತಿಯಲಾ ನನ್ನ ತಲೀನ" ಎಂದು ರೇಣು ಚೀರುತ್ತಿದ್ದಳು.

"ಸುಮ್ಮ ಕುಂದ್ರ. ಬಾಚಲಿಲ್ಲಂದ್ರ ಹೇನ ಬಿದ್ದು ನಿನ್ನ ಎತಗೊಂಡ ಹೊಕ್ಕಾವು."

"ಎಲ್ಲಿಗೆ ಎತಗೊಂಡ ಹೊಕ್ಕಾವು? ಹುಬ್ಬಳ್ಳಿಗೆ ಒಯ್ಯತಾವಂದ್ರ ಬಾಚಬ್ಯಾಡ, ಬಿಡು."

ಬಾಯಿಬಡುಕ ಹುಡುಗಿ. ಗುಡ್ಡಕ್ಕೆ ಬರುವ ಜನರ ನಡಿಗೆ, ಮಾತು, ಬಸ್ಸಿಗೆ ಕೂಗುವ ಕಂಡಕ್ಟರನ ದನಿ, ಎಲ್ಲವನ್ನೂ ಅಣಕಿಸಿ ತೋರಿಸುತ್ತಿದ್ದಳು. ಹೈಸ್ಕೂಲಿಗೆ ಸವದತ್ತಿಗೆ ಹೋಗತೊಡಗಿದ ಮೇಲಂತೂ ಅವಳು ಮನೆಗೆ ಬಂದರೆ ಓಣಿಯ ಹೆಂಗಸರು ಕೆಲಸ ಬಿಟ್ಟು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಆ ರೇಣು ಹದಿನಾರನೆಯ ವಯಸ್ಸಿನಲ್ಲಿ ಮಾತು ಬಿಟ್ಟಳು. ಯಾರು ಏನು ಅಂದರೋ, ಎಲ್ಲಿ ಏನಾಯಿತೋ ಎಂದು ಕೃಷ್ಣವ್ವ ಕೇಳದವರಿಲ್ಲ. ಏನೂ ಆಗಿರಲಿಲ್ಲ. ಮೊದಲು ನಗು ಕಡಿಮೆಯಾಯಿತು, ಆಮೇಲೆ ಊಟ, ಆಮೇಲೆ ನಿದ್ದೆ. ಒಂದು ದಿನ ಪಾಟೀಚೀಲ ಕೆಳಗಿಟ್ಟು ಗೋಡೆಗೆ ತಲೆ ಆನಿಸಿ ಕೂತವಳು ಮರುದಿನ ಸಾಲಿಗೆ ಏಳಲಿಲ್ಲ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ತನ್ನಷ್ಟಕ್ಕೆ ತುಟಿ ಅಲುಗಿಸುತ್ತಿದ್ದಳು. ಧಾರವಾಡಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಒಳ್ಳೆಯವರೇ. ಇದು ಮನಸ್ಸಿಗೆ ಬಂದ ಬ್ಯಾನಿ, ಗುಳಿಗೆ ಬಿಡಬೇಡಿ, ವರ್ಷಗಟ್ಟಲೆ ನುಂಗಿಸಬೇಕಾದೀತು ಎಂದು ತಿಳಿಸಿ ಹೇಳಿದರು. ಗುಳಿಗೆ ನುಂಗಿ ರೇಣು ಉಣ್ಣತೊಡಗಿದಳು, ಮಲಗತೊಡಗಿದಳು. ಮಾತು ಮಾತ್ರ ಮರಳಲಿಲ್ಲ. ದಿನವಿಡೀ ಗೋಡೆಗೆ ಒರಗಿ ತಲೆಯ ಹಿಂಭಾಗವನ್ನು ಅತ್ತ ಇತ್ತ ಉಜ್ಜುವುದು ಒಂದು ಚಾಳಿಯಾಗಿ ಬಿಟ್ಟಿತು.

ಗುಂಗುರು ಕೂದಲು. ಒಂದು ಹಗಲು ಉಜ್ಜಿದರೆ ಸಾಕು, ಸಂಜೆಗೆ ಹಕ್ಕಿಯ ಗೂಡಾಗುತ್ತಿತ್ತು. ಹಣಿಗೆ ಹಿಡಿದು ಬಂದರೆ ರೇಣು ಕೈ ಕಚ್ಚುತ್ತಿದ್ದಳು. ಕೃಷ್ಣವ್ವ ಮೇಲೆ ಮೇಲೆ ಬಾಚಿ ಬಿಡತೊಡಗಿದಳು. ಒಂದು ದಿನ ಎಣ್ಣೆ ಹಚ್ಚಲು ಬೆರಳು ಇಳಿಸಿದಾಗ, ಹಿಂದಲೆಯಲ್ಲಿ ಅಂಗೈಯಷ್ಟಗಲದ ಗಟ್ಟಿ ಚಕ್ಕೆ ಕೈಗೆ ಹತ್ತಿತು. ಬೆರಳಿಂದ ಬಿಡಿಸಲು ನೋಡಿದಳು, ಬಿಡಲಿಲ್ಲ.

ನೋಡಿದ್ದು ಅವಳೊಬ್ಬಳೇ ಅಲ್ಲ. ನೆರೆಮನೆಯ ಹೆಂಗಸು ನೀರಿನ ಕೊಡ ಇಳಿಸಿ, ಎರಡೂ ಕೈ ಮುಗಿದಳು. "ಕೃಷ್ಣವ್ವಾ, ಕೈ ಹಚ್ಚಬ್ಯಾಡ ಇನ್ನ. ಅಜ್ಜೀದು ಮೊಮ್ಮಗಳಿಗೆ ಬಂದೈತಿ. ಅದಕ್ಕ ನೋಡು ಹುಡಗಿ ಹಿಂಗಾಗ್ಯಾಳ."

"ನಿನ್ನ ಬಾಯಾಗ ಮಣ್ಣ ಬೀಳಲಿ" ಎಂದಳು ಕೃಷ್ಣವ್ವ. ಹಾಗೆ ಯಾರಿಗೂ ಅಂದವಳಲ್ಲ ಅವಳು.

ಮರುದಿನವೇ ರೇಣುಳ ತಲೆಗೆ ಸೆರಗು ಹೊದಿಸಿ ಸವದತ್ತಿಗೆ ಕರೆತಂದಳು. ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಹಡಪದ ಶಂಕರೆಪ್ಪನ ಅಂಗಡಿ. ಗಂಡಸರ ಕ್ಷೌರದಂಗಡಿಯ ಬಾಗಿಲಲ್ಲಿ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ನಿಂತದ್ದು ಕಂಡು ಒಳಗಿದ್ದವರು ಮಾತು ನಿಲ್ಲಿಸಿದರು. ಶಂಕರೆಪ್ಪ ಹೊರಗೆ ಬಂದು ಸೆರಗು ಸರಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಜಡಿಗೆ ಕತ್ತರಿ ಹಾಕ ಅಂತಿಯಲ್ಲವಾ ತಂಗಿ! ನನಗೂ ಮಕ್ಕಳ ಮರಿ ಅದಾವು."

"ಜಡಿ ಅಲ್ಲ ಯಣ್ಣಾ. ಸಿಕ್ಕು. ಬಾಚದ ಬಿಟ್ಟಿದ್ದಕ್ಕ ಆದ ಸಿಕ್ಕು."

"ನೀ ಏನರ ಅನ್ನು, ನಾ ಮುಟ್ಟಾಂವಲ್ಲ." ಆಮೇಲೆ ಅವಳ ಮುಖ ನೋಡಿ ಅವನಿಗೂ ಕನಿಕರ ಬಂತೇನೋ. "ಆ ಮೂಲ್ಯಾಗ ಹೋಗು. ದಾವಲಸಾಬನ ಮಗಳು ಹೆಣಮಕ್ಕಳದು ಪಾರ್ಲರ್ ತಗದಾಳ. ಅಕಿಗೆ ನಮ್ಮ ದೇವ್ರ ಅಂಜಿಕಿ ಇರಲಿಕ್ಕಿಲ್ಲ" ಎಂದ.

ದಾವಲಸಾಬ ಲಾರಿ ಡ್ರೈವರ್. ಅವನ ಮಗಳು ಫರೀನ್ ಧಾರವಾಡದಲ್ಲಿ ಅತ್ತೆಯ ಮನೆಯಲ್ಲಿದ್ದು ಕೆಲಸ ಕಲಿತು ಬಂದು, ಮನೆಯ ಮುಂದಿನ ಕೋಣೆಗೇ ಪರದೆ ಕಟ್ಟಿ, ದೊಡ್ಡ ಕನ್ನಡಿ ತೂಗುಹಾಕಿ, ತಿರುಗುವ ಕುರ್ಚಿ ತರಿಸಿ ಪಾರ್ಲರ್ ಮಾಡಿಕೊಂಡಿದ್ದಳು. ಕೃಷ್ಣವ್ವ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಳು. ಒಳಗೆ ಕಾಲಿಡಬಹುದೋ ಇಲ್ಲವೋ ಎಂಬ ಅನುಮಾನ ಅವಳಿಗೆ ಎಲ್ಲಿ ಹೋದರೂ ಇದ್ದದ್ದೇ.

"ಅಲ್ಲ್ಯಾಕ ನಿಂತೀರಿ ಮಾವಶಿ? ಒಳಗ ಬರ್ರಿ. ಯಾರಿಗೆ, ನಿಮಗೋ ಇವರಿಗೋ?" ಎಂದಳು ಫರೀನ್.

ಸೆರಗು ತೆಗೆದಾಗ ಫರೀನ್ ಏನೂ ಕೇಳಲಿಲ್ಲ. ಆ ಗಂಟನ್ನು ಬೆರಳಿಂದ ಒತ್ತಿ, ಮೂಸಿ, ಬುಡದಲ್ಲಿ ಎಷ್ಟು ಸಡಿಲವಿದೆಯೆಂದು ನೋಡಿದಳು. ಎಣ್ಣೆ ಬೆಚ್ಚಗೆ ಮಾಡಿ ತಂದು ಸುರಿದಳು. ಸ್ವೆಟರ್ ಹೆಣೆಯುವ ಸೂಜಿಯೊಂದನ್ನು ತಗೊಂಡು ಎಳೆ ಎಳೆ ಬಿಡಿಸುತ್ತ ಕೂತಳು. ಇಡೀ ಹೊತ್ತು ರೇಣುಳ ಜೊತೆ ಮಾತು. ತಮ್ಮ ಮನೆಯ ಬೆಕ್ಕಿನ ಸುದ್ದಿ, ಧಾರವಾಡದ ಮಳೆಯ ಸುದ್ದಿ. ರೇಣು ಉತ್ತರ ಕೊಡುತ್ತಾಳೋ ಇಲ್ಲವೋ ಅದರ ಗೊಡವೆಯೇ ಇಲ್ಲದಂತೆ ಮಾತಾಡಿದಳು. ಬಿಡಿಸಲಾಗದ್ದನ್ನು ಕತ್ತರಿಸಿದಳು. ಉಳಿದದ್ದನ್ನು ಕುತ್ತಿಗೆಯ ಮಟ್ಟಕ್ಕೆ ಸಮ ಮಾಡಿದಳು. ಬೆನ್ನ ಹಿಂದೆ ನಿಂತಿದ್ದ ಕೃಷ್ಣವ್ವ ಕನ್ನಡಿಯಲ್ಲಿ ನೋಡುತ್ತಿದ್ದಳು. ರೇಣು ಕಣ್ಣು ಮುಚ್ಚಿ, ತಲೆಯನ್ನು ನಿಧಾನವಾಗಿ ಫರೀನಳ ಹೊಟ್ಟೆಗೆ ಆನಿಸಿದಳು. ಮಗಳು ಯಾರನ್ನಾದರೂ ತಾನಾಗಿ ಮುಟ್ಟಿ ವರ್ಷವಾಗಿತ್ತು.

"ಪೂರಾ ಬೋಳಸಿ ಬಿಟ್ರ ಹೆಂಗ?" ಎಂದು ಕೃಷ್ಣವ್ವ ಕೇಳಿದಳು.

"ಮಾಡಬಹುದು. ಮನ್ಯಾಗ ಏನಂತಾರ?"

ಮನೆಯಲ್ಲಿ ಏನೆನ್ನುತ್ತಾರೆಂದು ಕೃಷ್ಣವ್ವನಿಗೆ ಗೊತ್ತಿತ್ತು. ಲಗ್ನ ಆಗಬೇಕಾದ ಹುಡುಗಿಯ ತಲೆ ಬೋಳಿಸುತ್ತೀಯಾ ಎಂದು ನೀಲಪ್ಪ ಒಮ್ಮೆ ಕೂಗಾಡಿದ್ದ. ಅವಳು ತಲೆ ಅಲ್ಲಾಡಿಸಿದಳು.

"ಹಂಗಾರ ಎರಡ ತಿಂಗಳಿಗೊಮ್ಮೆ ಕರಕೊಂಡ ಬರ್ರಿ. ನಡುವಿಂದು ನಿಮ್ಮ ಕೈಯಾಗ ಐತಿ" ಎಂದು ಫರೀನ್ ಹೇಳಿಕೊಟ್ಟಳು. "ಒಣಾ ತಲೀಗೆ ಹಣಗಿ ಹಾಕಬ್ಯಾಡ್ರಿ, ಅದಕ್ಕ ಅವರು ನೀವಂದಂಗ ಕಚ್ಚತಾರ. ಮೊದಲ ಎಣ್ಣಿ. ಆಮ್ಯಾಲ ತುದಿ ಹಿಡೀರಿ. ತುದಿ ಬಿಟ್ಟ ಮ್ಯಾಲ ನಡೂಕ, ನಡೂಕ ಬಿಟ್ಟ ಮ್ಯಾಲ ಬುಡಕ್ಕ. ಬುಡದಿಂದ ಜಗ್ಗಿದ್ರ ಸಿಕ್ಕು ಇನ್ನಷ್ಟ ಬಿಗೀತೈತಿ. ಮಲಗೂ ಮುಂದ ಹೆರಳ ಹಾಕಿ, ನಯಾ ಅರಿವಿ ಸುತ್ತಿ ಮಲಗಸ್ರಿ. ಗ್ವಾಡಿಗೆ ಉಜ್ಜಿದ್ರೂ ಹತ್ತೂದಿಲ್ಲ."

ಆಮೇಲಿನ ಎರಡು ವರ್ಷ ಕೃಷ್ಣವ್ವನ ಬದುಕಿನಲ್ಲಿ ತುಸು ತಂಪಾದ ಕಾಲ. ಖಾನಾವಳಿಯಿಂದ ಬಂದು, ಕೈ ತೊಳೆದು, ರೇಣುವನ್ನು ಹಿತ್ತಲ ಬಾಗಿಲ ಬೆಳಕಿಗೆ ಕೂರಿಸಿಕೊಳ್ಳುತ್ತಿದ್ದಳು. ಎಣ್ಣೆ, ತುದಿ, ನಡು, ಬುಡ. ವಾರಕ್ಕೊಮ್ಮೆ ಸೀಗೆಕಾಯಿ, ಅಂಟುವಾಳ ಕುದಿಸಿದ ನೀರು. ರಾತ್ರಿ ಸುತ್ತಲು ತನ್ನ ಮದುವೆ ಸೀರೆಯ ಹರಿದ ಸೆರಗು. ರೇಣು ಈಗ ಕಚ್ಚುತ್ತಿರಲಿಲ್ಲ. ಹಣಿಗೆ ಕಂಡರೆ ತಾನೇ ಬಂದು ಬೆನ್ನು ಮಾಡಿ ಕೂರುತ್ತಿದ್ದಳು. ಮಾತಿಲ್ಲದಿದ್ದರೂ, ತಾಯಿ ಮಗಳು ಒಬ್ಬರನ್ನೊಬ್ಬರು ಮುಟ್ಟಿಕೊಂಡಿರುವ ಹೊತ್ತು ಅದೊಂದೇ ಆಗಿತ್ತು. ಎರಡು ತಿಂಗಳಿಗೊಮ್ಮೆ ಫರೀನಳ ಕುರ್ಚಿ. ಬರಬರುತ್ತ ಕೃಷ್ಣವ್ವ ಅವಳನ್ನು ತಂಗಿ ಎನ್ನತೊಡಗಿದಳು. ಕೃಷ್ಣವ್ವ ಸೆರಗಿನಲ್ಲಿ ಕಟ್ಟಿ ತಂದ ರೊಟ್ಟಿಯನ್ನು ಫರೀನ್ ಅಲ್ಲೇ ಬಿಚ್ಚಿ ತಿನ್ನತೊಡಗಿದಳು. ಇನ್ನೊಂದು ವರ್ಷ ಹೀಗೇ ನಡೆದರೆ ರೇಣು ಒಂದು ಮಾತಾದರೂ ಆಡಿಯಾಳು ಎಂಬ ಆಸೆ ಕೃಷ್ಣವ್ವನಲ್ಲಿ ಕದ್ದು ಬೇರು ಬಿಟ್ಟಿತ್ತು.

ಅಷ್ಟರಲ್ಲಿ ಫರೀನಳ ನಿಖಾ ಗೊತ್ತಾಯಿತು. ಗಂಡನ ಊರು ರಾಮದುರ್ಗ.

"ಅಲ್ಲೂ ಪಾರ್ಲರ್ ತಗೀಬೇಕಂತ ಮಾಡೇನಿ ಮಾವಶಿ, ಅವರು ಏನಂತಾರ ನೋಡಬೇಕು" ಎಂದಳು. ಕಣ್ಣು ಬೇರೆಡೆ ಇತ್ತು. ಕೊನೆಯ ಸಲ ಕತ್ತರಿ ಹಿಡಿಯುವುದು ಹೇಗೆಂದು ಕೃಷ್ಣವ್ವನ ಬೆರಳಿಗೆ ಬೆರಳು ಹಿಡಿದು ಕಲಿಸಿದಳು. ಮುಂದೆ ಆ ಕೋಣೆಯಲ್ಲಿ ದಾವಲಸಾಬನ ಮಗ ಮೊಬೈಲ್ ಅಂಗಡಿ ಇಟ್ಟ.

ಕಲಿತ ವಿದ್ಯೆ ಕೈಗೆ ಬರಲಿಲ್ಲ. ಫರೀನಳ ಕೈಯಲ್ಲಿ ಕತ್ತರಿಗೆ ಹೆದರದಿದ್ದ ರೇಣು ಅವ್ವನ ಕೈಯಲ್ಲಿ ಅದನ್ನು ಕಂಡೊಡನೆ ಓಣಿಗೆ ಕೇಳುವಂತೆ ಕಿರುಚಿ ಹೊರಗೋಡಿದಳು. ಕೃಷ್ಣವ್ವ ಕತ್ತರಿಯನ್ನು ಎತ್ತಿಟ್ಟು ಹಣಿಗೆಯಿಂದಲೇ ಕಾಲ ಹಾಕಿದಳು. ಕೂದಲು ಬೆಳೆಯಿತು. ಭುಜಕ್ಕೆ ಬಂತು, ಬೆನ್ನಿಗೆ ಇಳಿಯಿತು. ಸಿಕ್ಕು ಬಿಡಿಸುವ ಹೊತ್ತೂ ಬೆಳೆಯಿತು. ಆದರೂ ಒಂದು ದಿನ ಬಿಡಲಿಲ್ಲ.

ಎರಡು ಸಾವಿರದ ಆರರ ಮಳೆಗಾಲದಲ್ಲಿ ಚಿಕೂನ್‌ಗುನ್ಯ ಬಂತು. ಊರಿಗೆ ಊರೇ ಮಲಗಿತು. ಮನೆ ಮನೆಯಲ್ಲಿ ಗೋಡೆ ಹಿಡಿದು ನಡೆಯುವವರೇ. ಕೃಷ್ಣವ್ವನಿಗೆ ಜ್ವರ ಇಳಿದರೂ ಕೀಲು ಬಿಡಲಿಲ್ಲ. ಮಣಿಕಟ್ಟು ಊದಿ, ಬೆರಳು ಮಡಚಲು ಬಾರದೆ, ನೀರಿನ ತಂಬಿಗೆಯನ್ನೂ ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಮಲಕಾಜಪ್ಪ ಬೇರೆ ಹೆಂಗಸನ್ನು ರೊಟ್ಟಿಗೆ ಹಚ್ಚಿಕೊಂಡ. ಹಣಿಗೆ ಹಿಡಿದರೆ ಜಾರಿ ಬೀಳುತ್ತಿತ್ತು.

"ನೀವ ಒಂದಿಷ್ಟ ಬಾಚ್ರಿ ಅಕಿ ತಲಿ" ಎಂದು ಗಂಡನಿಗೆ ಬೇಡಿಕೊಂಡಳು. "ನಾ ಹೇಳತೇನಿ, ಹಂಗ ಮಾಡ್ರಿ."

ನೀಲಪ್ಪ ಕೆಟ್ಟವನಲ್ಲ. ಸ್ಟಿಯರಿಂಗ್ ಹಿಡಿದ ಆ ದೊಡ್ಡ ಕೈಯಲ್ಲಿ ಹಣಿಗೆ ಹಿಡಿದು, ಮಗಳ ಹಿಂದೆ ಮಂಡಿಯೂರಿ ಕೂತ. ಎರಡು ಎಳೆ ಬಿಡಿಸುವಷ್ಟರಲ್ಲಿ ಎಲ್ಲೋ ಜಗ್ಗಿತು. ರೇಣು ತಿರುಗಿ ಅವನ ಮುಖ ಪರಚಿದಳು. ಅವನು ಹಣಿಗೆ ಬಿಸಾಡಿ ಎದ್ದ. "ನನ್ನ ಕೈಲೆ ಆಗೂದಿಲ್ಲ ಕೃಷ್ಣಾ. ಎಷ್ಟ ವರ್ಷ ಇದು? ಎಷ್ಟ ವರ್ಷ?" ಎಂದು ಹೊರಗೆ ಹೋಗಿ ಟ್ರ್ಯಾಕ್ಸಿನಲ್ಲಿ ಕೂತವನು ಸಂಜೆಯವರೆಗೆ ಒಳಗೆ ಬರಲಿಲ್ಲ. ನೆರೆಯವರನ್ನು ಕರೆದರೆ, ಆ ತಲೆಗೆ ನಾವು ಕೈ ಹಚ್ಚುವುದಿಲ್ಲ ಎಂದರು.

ಹಾಸಿಗೆಯಲ್ಲಿ ಮಲಗಿ ಕೃಷ್ಣವ್ವ ನೋಡುತ್ತಿದ್ದಳು. ಮಗಳು ಗೋಡೆಗೆ ತಲೆ ಉಜ್ಜುತ್ತಿದ್ದಳು. ದಿನ ದಿನಕ್ಕೆ ಕೂದಲು ಕೂದಲಿಗೆ ಅಂಟಿತು. ಗಂಟಿಗೆ ಗಂಟು ಕೂಡಿತು. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಅದು ಒಂದು ಮುದ್ದೆಯಾಗಿ, ತುದಿಯಲ್ಲಿ ಹುರಿಗೊಂಡು ಬೆನ್ನ ಮೇಲೆ ಇಳಿಬಿದ್ದಿತ್ತು.

ಗುಡ್ಡದಿಂದ ಒಬ್ಬ ಮುದುಕಿ ಬಂದಳು. ಮುತ್ತು ಕಟ್ಟಿಸಿಕೊಂಡವಳು, ತಂಗೆವ್ವನನ್ನು ಬಲ್ಲವಳು. ನೀಲಪ್ಪನೇ ಕರೆಸಿದ್ದನೋ, ಸುದ್ದಿ ತಾನಾಗಿ ಹೋಗಿತ್ತೋ ಕೃಷ್ಣವ್ವ ಕೇಳಲಿಲ್ಲ. ಮುದುಕಿ ರೇಣುಳ ಮುಂದೆ ಕೂತು, "ಬಂದೆಲ್ಲಾ ನನ್ನವ್ವಾ" ಎಂದು ಜಟೆಗೆ ಹಳದಿ ಭಂಡಾರ ತುಂಬಿ, ಕಾಲಿಗೆ ಹಣೆ ಹಚ್ಚಿದಳು. ಕೈ ಹಿಡಿದು ಎಬ್ಬಿಸಿ ಹೊರಗೆ ಬೇವಿನ ಕಟ್ಟೆಗೆ ಕರೆದೊಯ್ದಳು. ಹಾದು ಹೋಗುವವರು ನಿಂತರು. ಯಾರೋ ಕಾಯಿ ಇಟ್ಟರು, ಯಾರೋ ಬಾಳೆಹಣ್ಣು ಇಟ್ಟರು.

ನೀಲಪ್ಪ ಒಳಗೆ ಓಡಿ ಬಂದ. "ನಕ್ಕಳು ಕೃಷ್ಣಾ! ರೇಣು ನಕ್ಕಳು. ಯಾರೋ ಕಾಲ ಮುಟ್ಟಿ, ಯವ್ವಾ ಆರಾಮ ಅದೀಯಾ ಅಂತ ಕೇಳಿದ್ರು, ನಕ್ಕಳು!"

ಕೃಷ್ಣವ್ವ ಗೋಡೆಯ ಕಡೆ ಹೊರಳಿದಳು.

ಬೆರಳು ಅರ್ಧ ಮಡಚಲು ಬಂದ ಮೇಲೆ ಅವಳು ಯಾರಿಗೂ ಹೇಳದೆ ರೇಣುವನ್ನು ರಾಮದುರ್ಗದ ಬಸ್ಸು ಹತ್ತಿಸಿದಳು. ತುಂಬಿದ ಬಸ್ಸಿನಲ್ಲಿ ತಲೆಗೆ ಪಟಗ ಸುತ್ತಿದ ಮುದುಕನೊಬ್ಬ ರೇಣುಳ ತಲೆ ನೋಡಿ ತಟ್ಟನೆ ಎದ್ದು ಜಾಗ ಬಿಟ್ಟ. ಕೃಷ್ಣವ್ವ ಸಲಾಕೆ ಹಿಡಿಯಲಾರದೆ, ಮೊಣಕೈ ತೂರಿಸಿ ನಿಂತೇ ಬಂದಳು.

ಫರೀನಳ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಬಾಗಿಲು ತೆಗೆದದ್ದು ಅವಳ ಅತ್ತೆ ಜುಬೇದಾಬಿ. ಎಲ್ಲಿಂದ, ಯಾಕೆ ಎಂದು ಕೇಳಿ, ರೇಣುವನ್ನು ಒಂದು ಸಲ ದಿಟ್ಟಿಸಿ, "ಒಳಗ ಬರ್ರಿ ಮೊದಲ, ಬಿಸಲಾಗ ನಿಲ್ಲಬ್ಯಾಡ್ರಿ" ಎಂದಳು. ಒಳಗಿನಿಂದ ಕೂಸನ್ನು ಎತ್ತಿಕೊಂಡು ಬಂದ ಫರೀನ್ ಹಿಂದಿಗಿಂತ ಸೊರಗಿದ್ದಳು. ಪಾರ್ಲರ್ ತೆಗೆಯುವ ಮಾತು ಅಲ್ಲಿಗೇ ನಿಂತಿತ್ತು. ಕೂಸನ್ನು ಅತ್ತೆಗೆ ಕೊಟ್ಟು ರೇಣುಳ ತಲೆ ಮುಟ್ಟಿದಳು. ಬೆರಳು ಎಲ್ಲೂ ಒಳಗಿಳಿಯಲಿಲ್ಲ.

"ಮಾವಶಿ... ಎಷ್ಟ ಚಂದ ಇಟ್ಟಿದ್ರಿ ನೀವು."

ಕೃಷ್ಣವ್ವ ತನ್ನ ಎರಡೂ ಕೈ ಎತ್ತಿ ತೋರಿಸಿದಳು.

"ಇದು ಬಿಡೂದಿಲ್ಲ. ಬುಡಕ್ಕ ಕತ್ತರಸಬೇಕು" ಎಂದು ಫರೀನ್ ಕತ್ತರಿ ತಂದಳು. ಹಿತ್ತಲಲ್ಲಿ ಸ್ಟೂಲು ಹಾಕಿ, ಹಿಂದಿನಂತೆಯೇ ಏನೇನೋ ಮಾತಾಡುತ್ತ ರೇಣುವನ್ನು ಕೂರಿಸಿದಳು. ರೇಣು ಕೂತಳು. ಕತ್ತರಿಯ ತಣ್ಣನೆಯ ಅಲಗು ಕುತ್ತಿಗೆಗೆ ತಾಗಿದೊಡನೆ, ಎರಡೂ ಕೈಯಿಂದ ಜಟೆಯನ್ನು ಎದೆಗೆ ಎಳೆದುಕೊಂಡಳು.

"ಬ್ಯಾಡ."

ಕೃಷ್ಣವ್ವ ತಾನು ಕೇಳಿದ್ದು ನಿಜವೇ ಎಂದು ಫರೀನಳ ಮುಖ ನೋಡಿದಳು. ಐದು ವರ್ಷ ಕಾದ ದನಿ ಅದು. ಒಣಗಿ, ದಪ್ಪಗಾಗಿ, ಬೇರೆ ಯಾರದೋ ದನಿಯಂತಿತ್ತು.

"ರೇಣೂ... ಏನಂದಿ ನನ್ನವ್ವಾ?"

"ಬ್ಯಾಡ. ಇದು ಇದ್ರ ಮಂದಿ ಮಾತಾಡಸ್ತಾರ." ಅವಳು ಒಂದೊಂದೇ ಮಾತನ್ನು ಹುಡುಕಿ ತೆಗೆದಳು. "ಮೊದಲ ಯಾರೂ ಮಾತಾಡಸ್ತಿದ್ದಿಲ್ಲ. ಹುಚ್ಚಿ ಅಂತಿದ್ರು. ಈಗ ಯವ್ವಾ ಅಂತಾರ."

ಜುಬೇದಾಬಿಯ ಸೊಂಟದ ಮೇಲಿದ್ದ ಕೂಸು ಏನೋ ಗುಣುಗುಟ್ಟಿತು. ಫರೀನ್ ಕತ್ತರಿಯನ್ನು ಬಾವಿಯ ಕಟ್ಟೆಯ ಮೇಲಿಟ್ಟಳು.

"ಕೊಯ್ಯಿ ತಂಗಿ" ಎಂದಳು ಕೃಷ್ಣವ್ವ. "ಅಕಿಗೇನ ತಿಳೀತೈತಿ? ನಮ್ಮವ್ವನ ತಲಿ ನಾ ನೋಡೇನಿ. ನಾ ಹಿಡಕೋತೇನಿ, ನೀ ಕೊಯ್ಯಿ!" ಎಂದು ಮುನ್ನುಗ್ಗಿ ಮಗಳ ಮಣಿಕಟ್ಟು ಹಿಡಿದಳು. ಹಿಡಿತಕ್ಕೆ ಬಲವಿರಲಿಲ್ಲ. ರೇಣು ಸುಮ್ಮನೆ ಕೈ ಎಳೆದುಕೊಂಡಳು. ಕೃಷ್ಣವ್ವನ ಬೆರಳುಗಳು ಖಾಲಿ ಗಾಳಿಯಲ್ಲಿ ಹಾಗೆಯೇ ಅರ್ಧ ಮಡಚಿಕೊಂಡು ನಿಂತವು.

"ಆಗೂದಿಲ್ಲ ಮಾವಶಿ" ಎಂದು ಫರೀನ್ ಅತ್ತಳು. "ಅಕಿ ಬಾಯಿ ಬಿಟ್ಟ ಬ್ಯಾಡ ಅಂದ ಮ್ಯಾಲ, ಹಿಡದ ಕೊಯ್ಯಾಕ ನನ್ನ ಕೈ ಬರೂದಿಲ್ಲ."

ಜುಬೇದಾಬಿ ಚಹಾ ಮಾಡಿ ತಂದಳು. ಕೃಷ್ಣವ್ವ ಬಸಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕುಡಿದಳು. ಮರಳುವಾಗ ಬಸ್ಸು ಮಲಪ್ರಭೆಯ ಸೇತುವೆ ದಾಟುತ್ತಿದ್ದಂತೆ, ಇನ್ನೊಂದು ಮಾತು ಆಡುವಳೇನೋ ಎಂದು ಮಗಳ ಮುಖವನ್ನೇ ನೋಡುತ್ತ ಕೂತಳು. "ಹಸದೀಯೇನ?" ಎಂದು ಕೇಳಿದಳು. "ಸಾಲಿ ನೆನಪೈತೇನ ನಿನಗ?" ಎಂದು ಕೇಳಿದಳು. ರೇಣು ಕಿಟಕಿಯಾಚೆ ನೋಡುತ್ತಿದ್ದಳು.

ಮುಂದಿನ ವರ್ಷ ಒಂದು ಮುಂಜಾನೆ ಕೃಷ್ಣವ್ವ ಖಾನಾವಳಿಯಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ (ರೊಟ್ಟಿ ಬಡಿಯುವ ಕೈ ಅವಳಿಗೆ ಮರಳಿ ಬರಲೇ ಇಲ್ಲ) ನೀಲಪ್ಪ ಮತ್ತು ಆ ಮುದುಕಿ ಸೇರಿ ರೇಣುವನ್ನು ಎಲ್ಲಿಗೋ ಕರೆದೊಯ್ದರು. ಕೃಷ್ಣವ್ವ ಮನೆಗೆ ಬಂದಾಗ ಮಗಳ ಕೊರಳಲ್ಲಿ ಕೆಂಪು ಬಿಳಿ ಮಣಿಗಳಿದ್ದವು.

"ಪೂಜಿ ಅಷ್ಟ ಮಾಡಸಿದ್ದು" ಎಂದ ನೀಲಪ್ಪ, ನೆಲ ನೋಡುತ್ತ. "ನಾವ ಸತ್ತ ಮ್ಯಾಲ ಅಕೀನ ಯಾರ ನೋಡಾವರು ಹೇಳು? ಇದರಾಗರ ನಾಕ ಮಂದಿ ಕೈ ಮುಗೀತಾರ, ತುತ್ತ ಅನ್ನಾ ಹಾಕತಾರ."

ಅವಳು ಬೈಯಲಿಲ್ಲ. ಬಂದ ಹಾದಿಯಲ್ಲೇ ಹೊರಬಿದ್ದು, ಸವದತ್ತಿಯವರೆಗೆ ನಡೆದು ಪೊಲೀಸ್ ಠಾಣೆಯ ಮುಂದೆ ನಿಂತಳು. ಮುತ್ತು ಕಟ್ಟಿಸುವುದು ಅಪರಾಧವೆಂದು ಅವಳಿಗೆ ಗೊತ್ತಿತ್ತು. ಗೇಟಿನ ಒಳಗೆ ಪೇದೆಯೊಬ್ಬ ಸೈಕಲ್ ಒರೆಸುತ್ತಿದ್ದ. ಗಂಡನನ್ನು ಒಯ್ದು ಕೂರಿಸುತ್ತಾರೆ. ಆಮೇಲೆ? ರೇಣುಳ ಗುಳಿಗೆಗೆ ಧಾರವಾಡಕ್ಕೆ ಒಯ್ಯುವವರು ಯಾರು? ಮಣಿ ತೆಗೆದರೂ ತಲೆಯ ಜಟೆ ತೆಗೆಯಲು ಬರುತ್ತದೆಯೇ? ಪೇದೆ ತಲೆಯೆತ್ತಿ, "ಏನ ಬೇಕಾಗಿತ್ತವಾ?" ಎಂದ. "ಏನಿಲ್ರಿ" ಎಂದು ಅವಳು ತಿರುಗಿ ನಡೆದಳು.

ಈಗ ಅವಳಿಗೆ ಉಳಿದ ಕೆಲಸ ಜಟೆಯ ಬುಡ ತೊಳೆಯುವುದು. ಬಾಚುವಂತಿಲ್ಲ, ಬಿಡಿಸುವಂತಿಲ್ಲ. ಅಂಟುವಾಳದ ನೀರನ್ನು ಸಣ್ಣ ಧಾರೆಯಾಗಿ ಬುಡಕ್ಕೆ ಬಿಟ್ಟು, ಅರಿವೆಯ ತುದಿಯಿಂದ ಒತ್ತಿ ಒತ್ತಿ ಒರೆಸುತ್ತಿದ್ದಳು. ಒಳಗೆ ನೀರು ನಿಂತು ನಾಲ್ಕು ದಿನ ವಾಸನೆ ಬರುತ್ತಿತ್ತು. ಬೇಸಿಗೆ ಬಂದಾಗ ಕಿವಿಯ ಹಿಂದೆ ಮೊದಲನೆಯ ಹುಣ್ಣು ಕಂಡಿತು. ಬೇವಿನೆಲೆ ಅರೆದು ಹಚ್ಚಿದಳು. ರೇಣು ದಿನವಿಡೀ ಕಟ್ಟೆಯ ಮೇಲೆ ಕೂತು, ಯಾರಾದರೂ ಯವ್ವಾ ಎಂದಾಗ ನಗುತ್ತಿದ್ದಳು. ಮಾತಾಡುವುದು ಅವರೊಡನೆ ಮಾತ್ರ. ಮನೆಯೊಳಗೆ ಬಂದರೆ ಮತ್ತೆ ಗೋಡೆ.

ಒಂದು ಶುಕ್ರವಾರ ಬೈಲಹೊಂಗಲ ಕಡೆಯ ಹೆಂಗಸೊಬ್ಬಳು ಏಳೆಂಟು ವರ್ಷದ ಮಗಳನ್ನು ಕರೆದುಕೊಂಡು ಕಟ್ಟೆಗೆ ಬಂದಳು. ಹುಡುಗಿಯ ನೆತ್ತಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟು. "ಇದು ಎಲ್ಲವ್ವಂದೇ ಏನ್ರಿ ಯವ್ವಾ? ಬಿಡಬೇಕೋ ಬಾಚಬೇಕೋ ಹೇಳ್ರಿ" ಎಂದು ರೇಣುಳ ಕಾಲು ಹಿಡಿದಳು. ರೇಣು ಭಂಡಾರದ ಬಟ್ಟಲಿಗೆ ಕೈ ಹಾಕಿದಳು. ಸರದಿಯಲ್ಲಿ ನಿಂತವರು ನೂಕುತ್ತಿದ್ದರು, ಹುಡುಗಿ ಬೇಸರವಾಗಿ ಮನೆಯ ಬಾಗಿಲ ಕಡೆ ಸರಿದು ಬಂತು.

ಕೃಷ್ಣವ್ವ ಬಾಗಿಲ ಮರೆಯಲ್ಲಿ ಅದನ್ನು ಮೆಲ್ಲಗೆ ಕೂರಿಸಿಕೊಂಡಳು. ಎಣ್ಣೆಯ ಬಾಟಲಿಯನ್ನು ಹಲ್ಲಿನಿಂದ ಬಿಚ್ಚಿ ಗಂಟಿಗೆ ಸುರಿದಳು. "ನೋಯಸೂದಿಲ್ಲ ಕೂಸ, ಸುಮ್ಮ ಕುಂದ್ರ" ಎಂದು ಸೆಟೆದ ಬೆರಳುಗಳ ನಡುವೆ ಹಣಿಗೆ ಸಿಕ್ಕಿಸಿ ತುದಿಯಿಂದ ಎಳೆಯತೊಡಗಿದಳು. ಹೊಸ ಸಿಕ್ಕು, ಇನ್ನೂ ಗಟ್ಟಿಯಾಗಿರಲಿಲ್ಲ. ತುದಿ ಬಿಟ್ಟಿತು. ಒಂದು ಎಳೆ, ಇನ್ನೊಂದು ಎಳೆ. ಹುಡುಗಿ ಕಾಲು ಆಡಿಸುತ್ತ ತನ್ನ ಊರಿನ ನಾಯಿಮರಿಯ ಸುದ್ದಿ ಹೇಳತೊಡಗಿತು. ಗಂಟು ಅರ್ಧಕ್ಕೆ ಸಡಿಲಾಯಿತು.

"ಅಯ್ಯ, ಅಯ್ಯ! ಏನ ಮಾಡಾಕತ್ತೀಯೇ ಮುದಕಿ?"

ತಾಯಿ ಹಾರಿ ಬಂದು ಹುಡುಗಿಯ ರಟ್ಟೆ ಹಿಡಿದು ಎಳೆದಳು. ಹಣಿಗೆ ಕೂದಲಲ್ಲೇ ಸಿಕ್ಕು ಹುಡುಗಿ ನೋವಿನಿಂದ ಕೂಗಿತು. ತಾಯಿ ಅದನ್ನು ಕಿತ್ತು ನೆಲಕ್ಕೆ ಒಗೆದು, "ದೇವ್ರ ತಲೀಗೆ ಹಣಗಿ ಹಾಕತಾಳ್ರೀ! ಜಡಿಯವ್ವನ ತಾಯಾಗಿ!" ಎಂದು ಸುತ್ತಲಿನವರಿಗೆ ಕೇಳುವಂತೆ ಅತ್ತಳು. ಸಡಿಲಾದ ಕೂದಲನ್ನು ಮತ್ತೆ ಒಟ್ಟು ಮಾಡಿ, ಹಳದಿ ತುಂಬಿ, ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು.

"ಸಿಕ್ಕು ಬೇ ತಂಗಿ ಅದು" ಎಂದಳು ಕೃಷ್ಣವ್ವ. "ಬರೇ ಸಿಕ್ಕು."

ಯಾರೂ ಅವಳ ಕಡೆ ನೋಡಲಿಲ್ಲ. ತಾಯಿ ಮಗಳು ಗುಡ್ಡದ ಹಾದಿ ಹಿಡಿದರು. ಹುಡುಗಿ ತಿರುಗಿ ತಿರುಗಿ ನೋಡುತ್ತ ಹೋಯಿತು. ಕೃಷ್ಣವ್ವ ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಒರೆಸಿ, ಪಾತ್ರೆ ತಿಕ್ಕಲು ಹೊತ್ತಾಯಿತೆಂದು ಖಾನಾವಳಿಯ ಕಡೆ ನಡೆದಳು.